ಮಳೆಗಾಲದ ಗುಡ್ಡಗಾಡು ಓಟ: ಹೊಸ ತಂಡಕ್ಕೆ ಖಡಕ್ ಸೂಚನೆ

ಈ ಸಲ ಹೆಸರು ಕೊಟ್ಟ ಮೊದಲ ವರ್ಷದ ಹುಡುಗ, ಹುಡುಗಿಯರೆಲ್ಲ ಇದನ್ನು ಪೂರ್ತಿ ಓದಿ ಕೆಳಗೆ ಸಹಿ ಮಾಡಿ ಕೊಡಬೇಕು. ಸಹಿ ಇಲ್ಲದವರಿಗೆ ಜರ್ಸಿ ಇಲ್ಲ. "ಓದೇನ್ರೀ ಸರ್" ಎಂಬ ಬಾಯಿಮಾತು ನಡೆಯುವುದಿಲ್ಲ. ಮಧ್ಯದಿಂದ ಎರಡು ಪ್ರಶ್ನೆ ಕೇಳುತ್ತೇನೆ.

ತಾಲೀಮು ಬೆಳಗಾವಿಯ ದಂಡು ಪ್ರದೇಶವಾದ ಕ್ಯಾಂಪ್‌ನಲ್ಲಿ, ಬೆಳಿಗ್ಗೆ ಐದೂವರೆಗೆ. ಭಾನುವಾರದ ಉದ್ದ ಓಟ ಖಾನಾಪುರದ ಕಡೆ. ಪುನರ್ವಸು, ಪುಷ್ಯ ಮಳೆ ಹಿಡಿದವೆಂದರೆ ಎರಡೂ ಕಡೆ ಬಿಡುವ ಮಾತಿಲ್ಲ. ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಬೆನ್ನಿಗೆ ಆತುಕೊಂಡು. ಪಡುವಣ ಗಾಳಿ ನೇರವಾಗಿ ಮೈಮೇಲೆ ಬರುತ್ತದೆ. "ನಮ್ಮಲ್ಲೇನು ಬರ್ಫ್ ಬೀಳತೈತೇನ್ರೀ ಸರ್, ಇದೂ ಒಂದ್ ಥಂಡಿ ಏನು?" ಎಂದು ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಾನೆ. ಬರ್ಫ್ ಬೇಕಿಲ್ಲಪ್ಪಾ. ಇಪ್ಪತ್ತು ಡಿಗ್ರಿ ಹವೆ, ತೊಯ್ದ ಬನಿಯನ್, ಬೀಸುವ ಗಾಳಿ, ಖಾಲಿ ಹೊಟ್ಟೆ, ದಣಿದ ಮೈ ಕೂಡಿದರೆ ಸಾಕು.

ಮೊದಲು ಈ ಒಂದು ಸಂಗತಿ ತಿಳಿದಿರಲಿ

ಓಡುವಾಗ ಮೈ ಒಂದು ಉರಿಯುವ ಒಲೆ. ಸ್ನಾಯು ಸುಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿ ಹೊರಗೆ ಹೋಗುತ್ತದೆ. ಅದಕ್ಕೇ ಮಳೆಯಲ್ಲಿ ಓಡುವವನಿಗೆ ಮೈ ಬೆಚ್ಚಗೇ ಇರುತ್ತದೆ, ಹುರುಪೂ ಇರುತ್ತದೆ. ನಿಂತನೋ, ಒಲೆ ಆರಿತು. ತೊಯ್ದ ಬಟ್ಟೆ ಮಾತ್ರ ತನ್ನ ಕೆಲಸ ನಿಲ್ಲಿಸುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಜೋರಾಗಿ ಮೈಶಾಖ ಎಳೆಯುತ್ತದೆ. ಹೊಸಬರಿಗೆ ಗಂಡಾಂತರ ಇರುವುದು ಓಟದ ಹತ್ತು ಕಿಲೋಮೀಟರಿನಲ್ಲಿ ಕಡಿಮೆ, ಗೆರೆ ದಾಟಿದ ಮೇಲಿನ ಇಪ್ಪತ್ತು ನಿಮಿಷದಲ್ಲಿ ಹೆಚ್ಚು. ಈ ಸೂಚನೆಯಲ್ಲಿ ಮಿಕ್ಕಿದ್ದು ಮರೆತರೂ ಇದನ್ನು ಮರೆಯುವಂತಿಲ್ಲ.

ಕಣ್ಣಾರೆ ಕಂಡದ್ದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಪಂದ್ಯ. ಊರು, ಸಂಸ್ಥೆ ಬೇಡ. ನಮ್ಮ ಹುಡುಗ ಚೆನ್ನಾಗಿ ಓಡಿದ, ಹಿಂದೆಂದೂ ಬಾರದ ಸ್ಥಾನ ಬಂದಿತ್ತು. ಬಹುಮಾನ ಕೊಡಬೇಕಾದ ಅತಿಥಿ ಮುಕ್ಕಾಲು ತಾಸು ತಡ. ಹುಡುಗರನ್ನು ಸಾಲಾಗಿ ನಿಲ್ಲಿಸಿದ್ದರು, ಮಂಟಪದ ಹೊರಗೆ, ಜಿಟಿಜಿಟಿ ಮಳೆಯಲ್ಲಿ, ತೊಯ್ದ ಜರ್ಸಿಯಲ್ಲೇ. ಎದೆಯ ಮೇಲಿನ ನಂಬರು ಫೋಟೋದಲ್ಲಿ ಕಾಣಬೇಕಲ್ಲ. ಅವನು ಮೊದಲು ಗಡಗಡ ನಡುಗಿದ. ಆಮೇಲೆ ನಡುಗುವುದು ನಿಂತಿತು. "ಸುಧಾರಿಸಿದ" ಎಂದುಕೊಂಡೆ ನಾನು, ದಡ್ಡ. ಚಹಾ ಕೊಟ್ಟರೆ ಗ್ಲಾಸು ಕೈಯಲ್ಲಿ ನಿಲ್ಲಲಿಲ್ಲ. ಬೂಟಿನ ಲೇಸ್ ಬಿಚ್ಚಲು ಬಗ್ಗಿದವನು ಬೆರಳಿನಿಂದ ಲೇಸನ್ನು ತಡಕುತ್ತಲೇ ಇದ್ದ; ಗಂಟು ಎಲ್ಲಿದೆ ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಹೆಸರು ಕೇಳಿದೆ, ನಾಲಿಗೆ ತೊದಲಿತು. ಆಗ ನನ್ನ ಎದೆ ಧಸಕ್ಕೆಂದಿತು. ಪಕ್ಕದ ಚಹಾ ಅಂಗಡಿಯವರ ಕಂಬಳಿ ಸಿಕ್ಕಿದ್ದು ದೇವರ ದಯೆ. ಹುಡುಗ ಉಳಿದ. ಬಹುಮಾನವನ್ನು ಅವನ ಪರವಾಗಿ ಬೇರೆಯವನು ಇಸಿದುಕೊಂಡ.

ಅಂದಿನಿಂದ ನಮ್ಮ ತಂಡದ ಕಟ್ಟಳೆ: ಒಣ ಬಟ್ಟೆ ಹಾಕದ ಹೊರತು ಯಾವ ಅತಿಥಿಯ ಮುಂದೆಯೂ ನಮ್ಮವರು ನಿಲ್ಲುವುದಿಲ್ಲ. ಸಂಘಟಕರು ಸಿಟ್ಟಾದರೆ ನನ್ನ ಕಡೆ ಕಳಿಸಿ.

ಓಟಕ್ಕೆ ಹೊರಡುವ ಮುನ್ನ

ಮಾಡಬೇಕಾದ್ದು. ಪಾಲಿಯೆಸ್ಟರ್ ಜರ್ಸಿ, ಮೈಗೆ ಹತ್ತುವಂಥದ್ದು. ಒಳಗೆ ಹತ್ತಿಯ ಬನಿಯನ್ ಬೇಡವೇ ಬೇಡ; ಅದು ನೀರು ಹೀರಿ ಹಸಿ ಅರಿವೆಯ ಹಾಗೆ ಮೈಗೆ ಅಂಟುತ್ತದೆ. ತೊಡೆಸಂದಿ, ಕಂಕುಳು, ಹುಡುಗರು ಎದೆಯ ಮೇಲೂ ವ್ಯಾಸಲೀನ್ ಹಚ್ಚಬೇಕು. ತೊಯ್ದ ಬಟ್ಟೆ ಹತ್ತು ಕಿಲೋಮೀಟರ್ ತಿಕ್ಕಿದರೆ ಚರ್ಮ ಕಿತ್ತು ಬರುತ್ತದೆ, ಸಂಜೆ ಸ್ನಾನಕ್ಕೆ ನಿಂತಾಗ ನನ್ನ ನೆನಪಾಗುತ್ತದೆ. ಕನ್ನಡಕದವರು ಮುಂದೆ ಚುಂಚು ಇರುವ ಟೋಪಿ ಹಾಕಿ.

ಮಳೆಯಲ್ಲಿ ಗೆರೆಯ ಹತ್ತಿರ ಕಾಯುವಾಗ ದೊಡ್ಡ ಕಸದ ಚೀಲ, ಕರಿಯದು, ತಲೆಗೂ ತೋಳಿಗೂ ಕತ್ತರಿಯಿಂದ ತೂತು ಮಾಡಿ ಹಾಕಿಕೊಳ್ಳಿ. ನಗುವವರು ನಗಲಿ. ದೊಡ್ಡ ದೊಡ್ಡ ಮ್ಯಾರಥಾನ್‌ಗಳಲ್ಲಿ ಜನ ಮಾಡುವುದು ಇದನ್ನೇ. ಸೀಟಿ ಊದುವ ಒಂದು ನಿಮಿಷ ಮೊದಲು ಕಿತ್ತು, ನಮ್ಮ ಬಟ್ಟೆಚೀಲ ಕಾಯುವವರ ಕೈಗೆ ಕೊಡಿ. ಕ್ಯಾಂಪ್‌ನ ರಸ್ತೆಯಲ್ಲಿ ಎಸೆದರೆ ಮರುದಿನ ನೀವೇ ಆರಿಸುತ್ತೀರಿ.

ಮಾಡಬಾರದ್ದು. ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿ ಓಡಬಾರದು. ಹೊರಗಿನ ಮಳೆಗಿಂತ ಒಳಗಿನ ಬೆವರಿಗೇ ತೊಯ್ಯುತ್ತೀರಿ. ಪಂದ್ಯದ ದಿನ ಹೊಸ ಬೂಟು ಹಾಕಬಾರದು. ಉಪವಾಸ ಬರಬಾರದು. ಶ್ರಾವಣ ಸೋಮವಾರ ಇರಲಿ, ಏಕಾದಶಿ ಇರಲಿ, ವ್ರತ ಹಿಡಿದವರು ಆ ದಿನ ತಾಲೀಮಿಗೆ ರಜೆ ಕೇಳಿ, ಕೊಡುತ್ತೇನೆ. ಆದರೆ ಎರಡನ್ನೂ ಒಟ್ಟಿಗೆ ಮಾಡಲು ಬಿಡುವುದಿಲ್ಲ. ಒಂದೂವರೆ ಎರಡು ತಾಸು ಮೊದಲು ಅವಲಕ್ಕಿಯೋ ಉಪ್ಪಿಟ್ಟೋ ತಿಂದಿರಬೇಕು. ಮಳೆಯಲ್ಲಿ ನೀರಡಿಕೆ ಗೊತ್ತಾಗುವುದಿಲ್ಲ, ಬೆವರು ಕಾಣುವುದಿಲ್ಲ, ಎರಡೂ ಇವೆ. ಹಾಗಾಗಿ ನೀರು ಕುಡಿಯಿರಿ.

ಜ್ವರ ಇದ್ದವರು ಓಡಬಾರದು. ಇದರಲ್ಲಿ ಚೌಕಾಸಿ ಇಲ್ಲ. ಜ್ವರದಲ್ಲಿ ಮೈ ದಣಿಸಿದರೆ ಹೃದಯದ ಸ್ನಾಯುವಿಗೆ ಬಾವು ಬರುವ ಸಂಭವ ಉಂಟು. ದಮ್ಮಿನವರು ಇನ್ಹೇಲರ್ ಇಲ್ಲದೆ ಗೇಟಿನ ಒಳಗೆ ಕಾಲಿಡಬಾರದು. ಮುಚ್ಚಿಡಬೇಡಿ, ದಮ್ಮು ಇದೆ ಎಂದು ಯಾರನ್ನೂ ತಂಡದಿಂದ ತೆಗೆದಿಲ್ಲ, ಮುಚ್ಚಿಟ್ಟವರನ್ನು ತೆಗೆದಿದ್ದೇನೆ.

ಕ್ಯಾಂಪ್‌ನಲ್ಲಿ ನಡೆಯಬೇಕಾದ ರೀತಿ

ಇದು ದಂಡಿನ ಜಾಗ, 1832ರಿಂದ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಇಲ್ಲಿಗೆ ಬಂದದ್ದು 1922ರಲ್ಲಿ. ನಾವು ಓಡುವುದು ಅವರ ಅಂಗಳದ ಅಂಚಿನಲ್ಲಿ, ಅವರ ಸೌಜನ್ಯದಿಂದ. ಕಾಲೇಜಿನ ಗುರುತಿನ ಚೀಟಿ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕಿಸೆಯಲ್ಲಿರಲಿ. ಕಾವಲಿನವರು ನಿಲ್ಲಿಸಿದರೆ ನಿಲ್ಲಿ, ಕೇಳಿದ್ದಕ್ಕೆ ಉತ್ತರ ಕೊಡಿ, ವಾದ ಬೇಡ. ಗೋಡೆ ಹಾರುವುದು, ಒಳದಾರಿ ಹಿಡಿಯುವುದು, ಮೊಬೈಲ್ ಎತ್ತಿ ರೀಲು ಮಾಡುವುದು ಪೂರ್ತಿ ನಿಷಿದ್ಧ.

ಜವಾನರ ಸಾಲು ಎದುರಾದರೆ ದಾರಿ ಬಿಟ್ಟು ಎಡಕ್ಕೆ ಸರಿಯಿರಿ. ಅವರ ಜೊತೆ ಪೈಪೋಟಿಗೆ ಬೀಳಬೇಡಿ. ಹೊಸದಾಗಿ ಬಂದ ಪ್ರತಿ ಹುಡುಗನಿಗೂ ಈ ಆಸೆ ಬರುತ್ತದೆ, ಮಿಲಿಟರಿ ಮಹಾದೇವ ಗುಡಿಯಿಂದ ಶುರು ಮಾಡಿ ಅರ್ಧ ಕಿಲೋಮೀಟರಿನಲ್ಲಿ ಸೊಂಟ ಹಿಡಿದು ನಿಲ್ಲುತ್ತಾನೆ. ಅವರು ಮುಂಜಾನೆ ಮಳೆಯಲ್ಲಿ ಬೆನ್ನಿಗೆ ಭಾರ ಹೊತ್ತು ಓಡುತ್ತಾರೆ ನಿಜ. ಆದರೆ ಹಿಂದೆ ಗಾಡಿ ಇರುತ್ತದೆ, ಡಾಕ್ಟರ್ ಇರುತ್ತಾರೆ, ಓಟ ಮುಗಿದ ಕೂಡಲೆ ಬ್ಯಾರಕ್ಕಿನ ಒಣ ಬಟ್ಟೆ, ಬಿಸಿ ಚಹಾ ಇರುತ್ತದೆ. ನಾವು ಅವರಿಂದ ಕದಿಯಬೇಕಾದದ್ದು ಅದನ್ನು, ವೇಗ ಆಮೇಲೆ.

ಕ್ಯಾಂಪ್‌ನ ಮರಗಳು ಹಳೆಯವು. ಗಾಳಿ ಜೋರಾದರೆ ಕೊಂಬೆ ಮುರಿದು ಬೀಳುತ್ತವೆ, ಕೆಳಗೆ ನಿಲ್ಲಬೇಡಿ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಓಟ ಅಲ್ಲಿಗೇ ನಿಲ್ಲುತ್ತದೆ, ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗಿನಿಂದ ಅರ್ಧ ತಾಸು ಕಳೆಯದೆ ಹೊರಗೆ ಕಾಲಿಡಬಾರದು. ನಿಂತ ನೀರಿನಲ್ಲಿ ಕಾಲಿಡಬೇಡಿ, ಅಡಿಯಲ್ಲಿ ತೆರೆದ ಗಟಾರು ಇರಬಹುದು. ಕರೆಂಟ್ ಕಂಬ ಮುಟ್ಟಬೇಡಿ. ತಿಲಕವಾಡಿ ಕಡೆಯಿಂದ ಬರುವವರು ರೈಲ್ವೆ ಗೇಟು ಹಾಕಿದಾಗ ಕೆಳಗೆ ನುಸುಳಿ ಬರಬೇಡಿ. ಎರಡು ನಿಮಿಷ ತಡವಾದರೆ ನಾನು ಕೂಗಾಡುತ್ತೇನೆ, ಅಷ್ಟೇ.

2022ರ ಆಗಸ್ಟ್‌ನಲ್ಲಿ ಜಾಧವ ನಗರದಲ್ಲಿ ಕಾಣಿಸಿಕೊಂಡು ಗಾಲ್ಫ್ ಮೈದಾನ ಹೊಕ್ಕ ಚಿರತೆ ನೆನಪಿದೆಯಲ್ಲ? ಶಾಲೆಗಳಿಗೆ ರಜೆ ಕೊಟ್ಟರು, ಸಕ್ರೆಬೈಲಿನಿಂದ ಆನೆ ತರಿಸಿ ಹುಡುಕಿದರು. ಆ ದಿನಗಳಲ್ಲಿ ನಮ್ಮ ಹುಡುಗರ ವೇಗ ತಾನಾಗಿಯೇ ಹೆಚ್ಚಿತ್ತು. ತಮಾಷೆ ಇರಲಿ: ಕತ್ತಲು ಹರಿಯದೆ ಆ ಕಡೆ ಒಬ್ಬೊಬ್ಬರೇ ಹೋಗುವಂತಿಲ್ಲ. ನಾಯಿಗಳ ವಿಷಯದಲ್ಲೂ ಎಚ್ಚರ. ಬೊಗಳಿದರೆ ನಡೆಯಿರಿ, ಓಡಬೇಡಿ.

ಓಡುವಾಗ

ಜೋಡಿಯಲ್ಲಿ ಓಡಬೇಕು. ಜೋಡಿ ನಾನು ಹಾಕುತ್ತೇನೆ, ಗೆಳೆತನ ನೋಡಿ ಅಲ್ಲ, ವೇಗ ನೋಡಿ. ಪ್ರತಿ ಎರಡು ಕಿಲೋಮೀಟರಿಗೆ ಜೋಡಿಯವನನ್ನು ಏನಾದರೂ ಮಾತಾಡಿಸಿ. ಊಟ ಏನಾಯಿತು, ನಾಳೆ ಯಾವ ವಾರ, ಏನಾದರೂ. ಉತ್ತರ ನೆಟ್ಟಗೆ ಬರಬೇಕು. ತೊದಲಿದರೆ, ಸಿಡುಕಿದರೆ, ಕಾರಣವಿಲ್ಲದೆ ಎಡವಿದರೆ ಇಬ್ಬರೂ ನಿಲ್ಲಬೇಕು. ಥಂಡಿ ಹತ್ತಿದವನು ತಾನಾಗಿ ಎಂದೂ ಹೇಳುವುದಿಲ್ಲ. ಮೈಯ ಒಳಶಾಖ 35 ಡಿಗ್ರಿಗಿಂತ ಇಳಿಯಿತೆಂದರೆ ಮೊದಲು ಮಂಕಾಗುವುದು ಬುದ್ಧಿ. "ಏನೂ ಆಗಿಲ್ಲರೀ ಸರ್" ಎನ್ನುವುದೂ ಆ ಮಂಕು ಬುದ್ಧಿಯೇ.

ಕೆಸರಿನಲ್ಲಿ ಹೆಜ್ಜೆ ಚಿಕ್ಕದಿರಲಿ, ಇಳಿಜಾರಿನಲ್ಲಿ ಹಿಮ್ಮಡಿ ಊರಿ ತಡೆಯಬೇಡಿ. ರಸ್ತೆಯ ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳ, ಕೊಳೆತ ಎಲೆ ಎಣ್ಣೆಯಷ್ಟು ಜಾರುತ್ತವೆ. ಮೊದಲ ಕಿಲೋಮೀಟರಿನಲ್ಲಿ ಎಲ್ಲರನ್ನೂ ಹಿಂದೆ ಹಾಕುವ ಹುಮ್ಮಸ್ಸು ಬೇಡ. ಗುಡ್ಡಗಾಡು ಓಟದಲ್ಲಿ ತಂಡದವರ ಸ್ಥಾನಗಳನ್ನು ಕೂಡಿಸುತ್ತಾರೆ, ಮೊತ್ತ ಕಡಿಮೆ ಬಂದವರು ಗೆಲ್ಲುತ್ತಾರೆ. ಒಬ್ಬ ಹುಲಿಯಾಗಿ ಉಳಿದವರು ಕೆಸರಿನಲ್ಲಿ ಕೂತರೆ ಲೆಕ್ಕ ಬರುವುದಿಲ್ಲ.

ಇಲ್ಲಿ ಒಬ್ಬ ಬುದ್ಧಿವಂತ ಏಳುತ್ತಾನೆ: "ಸರ್, ನಮ್ಮ ಬೆಳಗಾವಿ ಚೌಗುಲೆ ಮಳ್ಯಾಗ ಓಡಿಲ್ಲೇನ್ರೀ?" ಓಡಿದ್ದಾರೆ. ಫಡೆಪ್ಪ ದರೆಪ್ಪ ಚೌಗುಲೆ, 1920ರ ಆ್ಯಂಟ್‌ವರ್ಪ್ ಒಲಿಂಪಿಕ್ಸ್, ಮ್ಯಾರಥಾನ್. ಅಲ್ಲೂ ತಣ್ಣನೆಯ ಮಳೆಯ ಹವೆ. ಆ ಸಲ ದಾರಿಯ ಉದ್ದ 42.75 ಕಿಲೋಮೀಟರ್, ಈಗಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಎರಡು ತಾಸು ಐವತ್ತು ನಿಮಿಷದ ಮೇಲೆ ಚಿಲ್ಲರೆ ಸೆಕೆಂಡಿನಲ್ಲಿ 19ನೆಯವರಾಗಿ ಮುಗಿಸಿದರು. ಗೆದ್ದ ಫಿನ್ಲೆಂಡಿನ ಕೊಲೆಹ್ಮೈನೆನ್‌ಗಿಂತ ಕೇವಲ ಹದಿನೆಂಟು ನಿಮಿಷ ಹಿಂದೆ. ನಮ್ಮೂರಿನ ಹುಡುಗ, ದೇಶದ ಮೊದಲ ಒಲಿಂಪಿಕ್ ತಂಡದಲ್ಲಿ! ಕ್ಯಾಂಪ್‌ನಲ್ಲಿ ಓಡುವ ನಿಮಗೆ ಆ ಹೆಸರು ಬಾಯಿಪಾಠ ಇರಲೇಬೇಕು. ಆದರೆ ಉದಾಹರಣೆ ಕೊಡುವವರು ಪೂರ್ತಿ ಕೊಡಿ. ಅದೇ ಓಟದಲ್ಲಿ ಇನ್ನೊಬ್ಬ ಭಾರತೀಯ ಸದಾಶಿವ ದಾತಾರ್ ಇದ್ದರು, ಅವರು ನಡುವೆ ನಿಂತರು, ಮುಗಿಸಲಿಲ್ಲ. ಅವರ ಒಲಿಂಪಿಕ್ ಓಟಗಾರ ಎಂಬ ಹೆಸರನ್ನು ಯಾರೂ ಕಿತ್ತುಕೊಂಡಿಲ್ಲ. ನಿಲ್ಲಬೇಕೆನಿಸಿದರೆ ನಿಲ್ಲಿ.

ಖಾನಾಪುರದ ಭಾನುವಾರ

ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವುದು. ಬೈಕಿನಲ್ಲಿ ಬಂದವರನ್ನು ಓಡಿಸುವುದಿಲ್ಲ. ದಣಿದು ತೊಯ್ದ ಮೈಯಲ್ಲಿ ಇಪ್ಪತ್ತೈದು ಕಿಲೋಮೀಟರ್ ಗಾಳಿಗೆ ಮುಖ ಕೊಟ್ಟು ವಾಪಸು ಬರುವುದೆಂದರೆ ಥಂಡಿಯನ್ನು ಕೈಬೀಸಿ ಕರೆದ ಹಾಗೆ. ಗೋವಾ ರಸ್ತೆಯ ಟ್ರಕ್ಕುಗಳ ಮಾತು ಬೇರೆ.

ಓಟದ ದಾರಿ ಊರಿನ ಸುತ್ತಲಿನದು ಮಾತ್ರ. ಜಾಂಬೋಟಿ, ಕಣಕುಂಬಿಯ ಕಾಡುದಾರಿಗೆ ಹೊರಳಬಾರದು. ಅದು ಭೀಮಗಡ ಅಭಯಾರಣ್ಯದ ಆಸುಪಾಸು, ಕರಡಿಯ ಸೀಮೆ. ಮಳೆಗಾಲದಲ್ಲಿ ಜಲಪಾತಕ್ಕೆ ಹೋಗಬೇಡಿ ಎಂದು ಅರಣ್ಯ ಇಲಾಖೆ ಹೇಳುವುದು ಸುಮ್ಮನೆ ಅಲ್ಲ. "ಇಷ್ಟು ದೂರ ಬಂದೇವಿ, ಫಾಲ್ಸ್ ನೋಡಿ ಹೋಗೂಣು" ಎಂಬ ಮಾತು ಬಸ್ಸಿನಲ್ಲಿ ಕೇಳಿದರೆ ಆ ಭಾನುವಾರ ಅಲ್ಲಿಗೇ ಮುಗಿಯಿತು.

ಮಲಪ್ರಭೆಯ ವಿಷಯದಲ್ಲಿ ಇನ್ನೂ ಬಿಗಿ. ಹೊಳೆ ಹುಟ್ಟುವುದು ಕಣಕುಂಬಿಯಲ್ಲಿ. ಅಲ್ಲಿ ರಾತ್ರಿ ಹೊಡೆದ ಮಳೆ ಖಾನಾಪುರಕ್ಕೆ ಬೆಳಿಗ್ಗೆ ಬರುತ್ತದೆ. ಇಲ್ಲಿ ಬಿಸಿಲು ಬಿದ್ದಿರುವಾಗಲೇ ನೀರು ಏರಬಹುದು. ಕಾಲು ತೊಳೆಯಲೂ ಹೊಳೆಗೆ ಇಳಿಯಬಾರದು. ಹಳ್ಳದ ನೀರು ಸೇತುವೆಯ ಮೇಲೆ ಹರಿಯುತ್ತಿದ್ದರೆ, ಎಷ್ಟೇ ತೆಳ್ಳಗಿರಲಿ, ತಿರುಗಿ ಬನ್ನಿ. ರಭಸದ ನೀರು ಗೇಣಿಗಿಂತ ಕಡಿಮೆ ಇದ್ದರೂ ಗಟ್ಟಿ ಮನುಷ್ಯನ ಕಾಲು ಕೀಳುತ್ತದೆ, ಒಂದಡಿ ನೀರು ಸಣ್ಣ ಕಾರನ್ನು ತೇಲಿಸುತ್ತದೆ. 2019ರ ಆಗಸ್ಟ್‌ನ ನೆರೆ ಕಂಡವರಿಗೆ ಈ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಬಳ ಕಚ್ಚಿದರೆ ಕೂಗಬೇಡಿ, ಉಗುರಿನಿಂದ ಬಾಯಿಯ ಹತ್ತಿರ ಸರಿಸಿ ತೆಗೆಯಿರಿ. ಕಾಲಿನಲ್ಲಿ ಗಾಯ ಇದ್ದವರು ಪಟ್ಟಿ ಕಟ್ಟದೆ ಕೆಸರಿಗೆ ಇಳಿಯಬಾರದು. ಇಲಿಜ್ವರದ ರೋಗಾಣು ಮೈಯೊಳಗೆ ಹೊಗುವುದು ಮುಖ್ಯವಾಗಿ ಅಲ್ಲಿಂದ. ಓಡಿದ ಎರಡು ವಾರದೊಳಗೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾದರೆ ಡಾಕ್ಟರ ಹತ್ತಿರ ಹೋಗಿ "ಕೆಸರು ನೀರಿನಲ್ಲಿ ಓಡಿದ್ದೆ" ಎಂದು ನೀವಾಗಿಯೇ ಹೇಳಿ.

ಗೆರೆ ದಾಟಿದ ಮೇಲೆ

ನಮ್ಮ ತಂಡದಲ್ಲಿ ಓಡುವವರು ಆರು. ಏಳನೆಯವರು ಚೀಲದವರು. ಅವರೇ ಆ ದಿನದ ದೊಡ್ಡ ಮನುಷ್ಯರು. ನಾನೂ ಅವರ ಮಾತು ಕೇಳುತ್ತೇನೆ. ಅವರ ಹತ್ತಿರ ಆರು ಚೀಲ, ಪ್ರತಿಯೊಂದರ ಮೇಲೂ ಹೆಸರು. ಒಳಗೆ ಟವೆಲ್, ಒಣ ಅಂಗಿ, ಪೈಜಾಮ, ಒಳಬಟ್ಟೆ, ಸಾಕ್ಸು, ಸ್ವೆಟರ್, ಉಣ್ಣೆ ಟೋಪಿ; ಎಲ್ಲ ಎರಡೆರಡು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಗಂಟು ಹಾಕಿದ್ದು. ಗಂಟು ಸಡಿಲ ಇರಲಿ, ಮರಗಟ್ಟಿದ ಬೆರಳಿಗೆ ಬಿಚ್ಚಲು ಬರಬೇಕು.

ಗೆರೆ ದಾಟಿದವರು ಕೂರಬಾರದು, ಮಲಗಬಾರದು, ಗೆಳೆಯರನ್ನು ಹುರಿದುಂಬಿಸಲು ಅಲ್ಲೇ ನಿಲ್ಲಬಾರದು. ನಡೆಯುತ್ತಾ ನೇರವಾಗಿ ಚೀಲದವರ ಹತ್ತಿರ. ಐದು ನಿಮಿಷದಲ್ಲಿ ತೊಯ್ದದ್ದೆಲ್ಲ ಮೈಯಿಂದ ಇಳಿದಿರಬೇಕು. ಮೇಲೆ ಸ್ವೆಟರ್ ಹಾಕಿ ಒಳಗಿನ ತೊಯ್ದ ಜರ್ಸಿ ಹಾಗೇ ಬಿಡುವ ಕಳ್ಳಾಟ ನನಗೆ ಗೊತ್ತು. ಬಟ್ಟೆ ಬದಲಿಸಿದ ಮೇಲೆ ಫೋಟೋ, ಅಪ್ಪುಗೆ, ಫೋನು, ಏನಾದರೂ ಮಾಡಿ.

ಹುಡುಗಿಯರಿಗೆ: ಬಟ್ಟೆ ಬದಲಿಸಲು ಜಾಗ ಎಲ್ಲಿ ಎಂದು ಕೇಳಲು ಸಂಕೋಚಪಟ್ಟು ತೊಯ್ದ ಬಟ್ಟೆಯಲ್ಲೇ ಊರಿಗೆ ಬಂದವರಿದ್ದಾರೆ. ಇನ್ನು ಮುಂದೆ ನೀವು ಕೇಳಬೇಕಿಲ್ಲ. ಪಂದ್ಯದ ಹಿಂದಿನ ದಿನವೇ ನಮ್ಮ ಮ್ಯಾಡಮ್ ಸಂಘಟಕರ ಜೊತೆ ಮಾತಾಡಿ ಕೋಣೆ ಗೊತ್ತು ಮಾಡುತ್ತಾರೆ. ಕೋಣೆ ಇಲ್ಲ ಎಂದರೆ ಹುಡುಗಿಯರ ತಂಡವನ್ನು ಕಳಿಸುವುದಿಲ್ಲ. ಇದನ್ನು ಬರೆದು ಕೊಡುತ್ತೇವೆ.

ಬಟ್ಟೆ ಆದ ಮೇಲೆ ಹೊಟ್ಟೆ. ಬಾಳೆಹಣ್ಣು, ಶೇಂಗಾ ಚಿಕ್ಕಿ, ಸಕ್ಕರೆ ಹೆಚ್ಚಿಗೆ ಹಾಕಿದ ಚಹಾ. ಗೆದ್ದರೆ ಕುಂದಾ ನನ್ನ ಲೆಕ್ಕ. ಬೂಟಿನೊಳಗೆ ಹಳೇ ಪೇಪರ್ ತುರುಕಿ, ತಾಸಿಗೊಮ್ಮೆ ಬದಲಿಸಿ, ಬೆಳಗಾಗುವುದರೊಳಗೆ ಒಣಗುತ್ತವೆ. ಒಲೆಯ ಮುಂದೆ ಇಟ್ಟರೆ ಅಂಟು ಬಿಡುತ್ತದೆ.

ಥಂಡಿ ಹತ್ತಿದವರನ್ನು ಕಂಡರೆ

ಮಾಡಬೇಕಾದ್ದು: ಗಾಳಿ ಇಲ್ಲದ ಒಳಗಿನ ಜಾಗ. ತೊಯ್ದ ಬಟ್ಟೆ ತೆಗೆದು ಒಣ ಬಟ್ಟೆ, ತಲೆಗೆ ಟೋಪಿ, ಮೇಲೆ ಕಂಬಳಿ, ನೆಲದ ಮೇಲೆ ಬರಿದೇ ಮಲಗಿಸದೆ ಅಡಿಗೂ ಒಂದು ಹಾಸಿಗೆ. ಎಚ್ಚರ ಇದ್ದು ನುಂಗಲು ಬಂದರೆ ಮಾತ್ರ ಬೆಚ್ಚಗಿನ ಸಿಹಿ ಚಹಾ. ನಡುಕ ನಿಂತು ಮಂಕಾಗಿದ್ದರೆ, ತೊದಲುತ್ತಿದ್ದರೆ ಕಾಯಬೇಡಿ, 108.

ಮಾಡಬಾರದ್ದು: ಕೈಕಾಲು ಜೋರಾಗಿ ತಿಕ್ಕಬಾರದು, ಬೆಂಕಿಯ ಹತ್ತಿರ ಕೂರಿಸಬಾರದು, ಸುಡುನೀರಿನ ಸ್ನಾನ ಮಾಡಿಸಬಾರದು, ಎಬ್ಬಿಸಿ ಓಡಾಡಿಸಬಾರದು. ರಮ್ ಕೊಡಬಾರದು. ಕ್ಯಾಂಪ್ ಇದು, ಕ್ಯಾಂಟೀನಿನ ಬಾಟಲಿ ಯಾರದೋ ಕಾಕಾನ ಮನೆಯಲ್ಲಿ ಇದ್ದೇ ಇರುತ್ತದೆ, "ಒಂದ್ ಮುಚ್ಚಳ ಹಾಕ್ರಿ, ಬೆಚ್ಚಗಾಗ್ತಾನು" ಎನ್ನುವ ಹಿರಿಯರೂ ಇರುತ್ತಾರೆ. ಅವರಿಗೆ ಕೈಮುಗಿಯಿರಿ, ಕೊಡಬೇಡಿ. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಹಾಕುತ್ತದೆ, ಬೆಚ್ಚಗೆನಿಸುವುದು ಅದಕ್ಕೇ.

ಇದೆಲ್ಲ ಅತಿಯಾಯಿತು ಎನಿಸಿದರೆ ಇದನ್ನು ಕೇಳಿ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತದ ಗುಡ್ಡಗಳಲ್ಲಿ 100 ಕಿಲೋಮೀಟರಿನ ಓಟ ಇತ್ತು. 172 ಜನ ಹೊರಟರು, ಬಹಳಷ್ಟು ಜನ ತೆಳು ಅಂಗಿ, ಚಡ್ಡಿಯಲ್ಲಿ. ನಡುಹಾದಿಯಲ್ಲಿ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ. 21 ಜನ ಸತ್ತರು. ಅದರಲ್ಲಿ ಆ ದೇಶದ ಹೆಸರಾಂತ ಓಟಗಾರರೂ ಇದ್ದರು. ಗಾಳಿ ತಡೆಯುವ ಅಂಗಿ ಕಡ್ಡಾಯ ಸಾಮಾನಿನ ಪಟ್ಟಿಯಲ್ಲಿ ಇರಲಿಲ್ಲ. ಆರು ಜನರನ್ನು ಉಳಿಸಿದವನು ಒಬ್ಬ ಕುರಿಗಾಹಿ. ಅವನ ಗುಹೆಯಲ್ಲಿ ಬೆಂಕಿ, ಹೊದಿಕೆ ಇದ್ದವು. ನಮ್ಮ ಹುಡುಗನಿಗೂ ಆಗಿದ್ದು ಕಂಬಳಿಯೇ. ಅದಕ್ಕೆ ಈ ವರ್ಷದಿಂದ ತಂಡದ ಸಾಮಾನಿನಲ್ಲಿ ಎರಡು ಕಂಬಳಿ ಸೇರಿಸಿದ್ದೇನೆ, ಕುರುಬರು ನೇಯ್ದ ಕರಿ ಕಂಬಳಿ. ವಾಸನೆ ಬರುತ್ತದೆ ಎಂದು ಮೂಗು ಮುರಿಯಬೇಡಿ.

ಸೋಮವಾರ ಬೆಳಿಗ್ಗೆ ಐದೂವರೆಗೆ ಶೌರ್ಯ ಸರ್ಕಲ್ ಹತ್ತಿರ ಸೇರುವುದು. ಮಳೆ ಇದ್ದರೂ ಬರಬೇಕು, ಗುಡುಗು ಇದ್ದರೆ ಬರಬಾರದು. ಮೊದಲ ದಿನ ಓಟ ಇಲ್ಲ. ಒಬ್ಬೊಬ್ಬರೂ ತಮ್ಮ ಚೀಲ ತಂದು, ಬಕೆಟ್ಟಿನ ತಣ್ಣೀರಿನಲ್ಲಿ ಐದು ನಿಮಿಷ ಕೈ ಅದ್ದಿ, ಅದೇ ಬೆರಳಿನಲ್ಲಿ ನನ್ನ ಮುಂದೆ ಗಂಟು ಬಿಚ್ಚಿ ತೋರಿಸಬೇಕು.